ಸಂತೆ ಬಯಲಿನ ಎದುರಿನ ಅಂಗಡಿ

ರೋಣದಲ್ಲಿರುವ ನಮ್ಮ ರೊಟ್ಟಿ ಖಾನಾವಳಿ ಅತ್ತೆಯದು. ಅಲ್ಲಿ ಅವರು ಹೇಳಿದ್ದೇ ಮಾತು. ಗಜೇಂದ್ರಗಡದಲ್ಲಿ ಇನ್ನೊಂದು ತೆರೆದು ನಾನೇ ನಡೆಸಬೇಕೆಂಬ ಹುಚ್ಚು ನನಗೆ ಹಿಡಿದು ಬಹಳ ದಿನವಾಗಿತ್ತು. ಅತ್ತೆಯ ಷರತ್ತು ಒಂದೇ: "ಜಾಗಾ ನನ್ನ ಮನಸ್ಸಿಗಿ ಬರಬೇಕು. ಬರಲಿಲ್ಲಂದ್ರ ಈ ಮಾತ ಮತ್ತ ಎತ್ತಬ್ಯಾಡ."

ಸಂತೆ ಬಯಲಿನ ಎದುರಿಗೇ ಅಂಗಡಿಯೊಂದು ಖಾಲಿಯಿದೆ ಎಂದು ಅದರ ಮಾಲೀಕರು ಫೋನ್ ಮಾಡಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕೆಂದೇ ಸಂತೆಯ ದಿನ ಅತ್ತೆಯನ್ನು ಬಸ್ಸು ಹತ್ತಿಸಿದೆ. ಹೋಗಿ ನೋಡಿದರೆ ಜನವೋ ಜನ.

"ನೋಡ್ರಿ ಅತ್ತಿ, ಇದರಾಗ ಅರ್ಧ ಮಂದಿ ಉಂಡ್ರೂ ಸಾಕಲ್ರಿ" ಎಂದೆ.

ಅವರು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಕಿಟಕಿಯಲ್ಲಿ ಇಣುಕಿ, ಮನಸ್ಸಿನಲ್ಲೇ ಒಲೆ ಹೂಡಿ ಬೆಂಕಿಯನ್ನೂ ಹಚ್ಚಿದೆ.

ಹೊತ್ತು ನೆತ್ತಿಗೇರಿತು. ಸಂತೆಯವರು ಬೇವಿನ ಮರದ ನೆರಳಿಗೆ, ನಮ್ಮ ಕಟ್ಟೆಗೆ ಬಂದು ಕೂತು ಗಂಟು ಬಿಚ್ಚತೊಡಗಿದರು. ಎಲ್ಲರದೂ ಮನೆಯ ರೊಟ್ಟಿ. ನಮ್ಮ ಕಡೆ ಸಂತೆಗೆ ಹೊರಟವರು ಬುತ್ತಿಯಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ರೊಟ್ಟಿ ಮಾರುವ ನನಗೇ ಇದು ಹೊಳೆದಿರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ತೀರಿಸಲಿ? ಅಷ್ಟರಲ್ಲಿ ಅತ್ತೆಯೂ ತಣ್ಣಗೆ ಚೀಲಕ್ಕೆ ಕೈ ಹಾಕಿದರು. ಖಾನಾವಳಿಗೆ ಜಾಗ ನೋಡಲು ಬಂದ ನಾವೂ ಬುತ್ತಿ ಕಟ್ಟಿಕೊಂಡೇ ಬಂದಿದ್ದೆವು.

ಬದನೆಕಾಯಿ ಎಣ್ಣೆಗಾಯಿಯ ಡಬ್ಬಿ ತೆರೆದದ್ದೇ ತಡ, ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತನ್ನ ರೊಟ್ಟಿ ಮುಂದೆ ಹಿಡಿದಳು.

"ಒಂದೀಟ ಹಾಕ ಯವ್ವಾ. ಮುಂಜಾನಿ ಕಟ್ಟಿದ ಪಲ್ಯ ಬಿಸಲಿಗಿ ಹಳಸೇತಿ."

ಅತ್ತೆ ಹಾಕಿದರು. ವಾಸನೆ ಹಿಡಿದು ಇನ್ನಿಬ್ಬರು ಬಂದರು. "ಇಲ್ಲೇ ಮಾರ್ತೀರೇನ್ರಿ?" ಎಂದು ಒಬ್ಬ ಕೇಳಿಯೇಬಿಟ್ಟ. ಡಬ್ಬಿಯ ತಳ ಕಂಡಿತು.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಸಂತಿ ದಿನ ಬರೇ ಬಿಸಿ ಪಲ್ಯ, ಮಜ್ಜಿಗಿ ಮಾರೂಣ್ರಿ. ರೊಟ್ಟಿ ಅವರ ತರಲಿ, ಕೂಡಾಕ ನೆಳ್ಳ ನಾವ ಕೊಡೂಣು. ಉಳಿದ ದಿನ ಊರ ಮಂದಿಗಿ ಪೂರಾ ಊಟ."

ಅತ್ತೆ ಒಣರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಅಗಿದರು, ಅಗಿದೇ ಅಗಿದರು. ನನ್ನ ಜೀವ ಅವರ ದವಡೆಯಲ್ಲಿತ್ತು.

"ಬರೇ ರೊಟ್ಟಿ ಗಂಟಲದಾಗ ಇಳಿಯೂದಿಲ್ಲವಾ" ಎಂದರು ಕೊನೆಗೆ. "ಲಗೂ ಹೋಗಿ ಚಾವಿ ಇಸ್ಕೊಂಡ ಬಾ."