ಕೆಂಪು ಚುಕ್ಕೆಯ ಲೋಟ

ಲೋಟದ ತಳದಲ್ಲಿ ನೇಲ್ ಪಾಲಿಶ್‌ನ ಒಂದು ಕೆಂಪು ಚುಕ್ಕೆ ಇತ್ತು, ಜೋಳದ ಕಾಳಿನಷ್ಟು. ಇಟ್ಟವಳು ನಾನೇ.

ಮೂರು ವರ್ಷಗಳ ಹಿಂದೆ, ಎಂ.ಬಿ.ಬಿ.ಎಸ್. ಮುಗಿಸಿ, ಮಡಕಶಿರಾದಿಂದ ರಾಯದುರ್ಗದ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಡ್ಯೂಟಿ ಡಾಕ್ಟರಾಗಿ ಬಂದಿದ್ದೆ. ಅಲ್ಲಿ ಹುಸೇನಬಿ ಆಯಾ ಆಗಿದ್ದರು. ಓಣಿಯ ಮುಸ್ಲಿಂ ಹೆಂಗಸರು ತೀರಿಕೊಂಡರೆ ಗುಸುಲ್, ಅಂದರೆ ಹೂಳುವ ಮೊದಲಿನ ಸ್ನಾನ, ಮಾಡಿಸುತ್ತಿದ್ದವರೂ ಅವರೇ. ಅದು ಮನೆಯವರು ಮಾಡಬಹುದಾದ ಕೆಲಸ. ಆದರೂ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಆಮೇಲೆ ಅವರ ಕೈಯ ನೀರು ಮಾತ್ರ ಕುಡಿಯುತ್ತಿರಲಿಲ್ಲ. ನಾನೂ ಮುಸ್ಲಿಮಳೇ. ಸೋಂಕು ಹರಡದಂತೆ ತಡೆಯುವುದಕ್ಕೆ ನಮ್ಮ ವೃತ್ತಿಯಲ್ಲಿ 'ಇನ್ಫೆಕ್ಷನ್ ಕಂಟ್ರೋಲ್' ಎನ್ನುತ್ತಾರೆ. ಆ ಹೆಸರು ಹೇಳಿ ಅವರ ಟೀ ಲೋಟಕ್ಕೆ ಗುರುತು ಹಾಕಿದೆ. ಅನಾಟಮಿ ಹಾಲಿನಲ್ಲಿ ನಾನೂ ಹೆಣ ಮುಟ್ಟಿದವಳು. ನನ್ನ ಲೋಟಕ್ಕೆ ಯಾರೂ ಗುರುತು ಹಾಕಿರಲಿಲ್ಲ.

ಹುಸೇನಬಿ ಲೋಟ ತಿರುಗಿಸಿ ನೋಡಿ ನಕ್ಕರು. "ಮಸೀದ್ಯಾಗ ಸಾವ್ಕಾರ, ಕೂಲ್ಯವ ಒಂದ ಸಾಲಿನ್ಯಾಗ ನಿಂದರ್ತಾರ್ರಿ ಮೇಡಮ್ಮ. ಈ ಲೋಟಕ್ಕ ಯಾಕ ಬೊಟ್ಟು ಇಟ್ಟೀರಿ? ಮದಿವಿ ಮಾಡ್ತೀರೇನು?"

ನರ್ಸ್ ಸುಜಾತಾ ನಕ್ಕಳು. ನಾನು ಕೇಸ್ ಶೀಟಿನಿಂದ ತಲೆ ಎತ್ತಲಿಲ್ಲ.

ಇನ್ನೊಂದು ದಿನ ಹುಸೇನಬಿಯೇ ಹೇಳಿದ್ದರು: "ಸತ್ತೋರಿಗೂ ನಾಚಿಕಿ ಇರ್ತದ್ರಿ. ಮೈಮ್ಯಾಲಿನ ಅರಿವಿ ತೆಗೀಬಾರ್ದು, ಅದರ ಕೆಳಗ ಕೈ ಹಾಕಿ ತೊಳೀಬೇಕು. ನನ್ನ ಪಾಳಿಗೆ ಯಾರ್ ಬರ್ತಾರೋ, ನೋಡೋಣು."

ನಾನು ಬಂದ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ವಾರ್ಡ್ ಒರೆಸುತ್ತಿದ್ದ ಹುಸೇನಬಿ ಎದೆ ಹಿಡಿದು ಕುಳಿತರು. ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಿತ್ತು. ಬಳ್ಳಾರಿಗೆ ಕಳಿಸಲು ಆಂಬುಲೆನ್ಸ್ ಬರುವ ಮೊದಲೇ ಹೋದರು. ಅವರಿಗೆ ಮಕ್ಕಳಿರಲಿಲ್ಲ. ಕಣೇಕಲ್ಲಿನಲ್ಲಿದ್ದ ತಂಗಿ ಹಾಸಿಗೆ ಹಿಡಿದಿದ್ದಳು.

ಸಂಜೆಯೊಳಗೆ ಮಣ್ಣಾಗಬೇಕಿತ್ತು. ಮೂರು ಗಂಟೆಗೆ ನಾನು ಅವರ ಮನೆಗೆ ಹೋದಾಗ ನೀರು ಕಾದಿತ್ತು, ಹೆಣಕ್ಕೆ ಸುತ್ತುವ ಕಫನ್ ಬಟ್ಟೆಯ ಐದು ಬಿಳಿ ತುಂಡುಗಳು ಬಂದಿದ್ದವು, ತೊಳೆಯುವವರು ಇರಲಿಲ್ಲ. ಓಣಿಯ ಒಬ್ಬಾಕೆಗೆ ಮೊಣಕಾಲು ನೋವು. ಇನ್ನೊಬ್ಬಾಕೆಯ ಸೊಸೆ ಬಸುರಿ. ಹಿಂದಿನ ತಿಂಗಳು ಯಾರ ತಾಯಿಗೆ ಹುಸೇನಬಿ ಸ್ನಾನ ಮಾಡಿಸಿದ್ದರೋ ಆಕೆ ಬಂದಿರಲೇ ಇಲ್ಲ.

ಮಸೀದಿಯ ಹಿರಿಯರು ಬಾಗಿಲ ಹೊರಗೆ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: "ಇದು ನಮ್ಮೆಲ್ಲಾರ ಮ್ಯಾಲಿನ ಫರ್ಜ್, ಮಾಡ್ಲೇಬೇಕಾದ ಕೆಲ್ಸ ಅವ್ವಾ. ಒಬ್ರು ಮಾಡಿದ್ರ ಎಲ್ಲಾರೂ ಪಾರು. ಯಾರೂ ಮಾಡ್ಲಿಲ್ಲಂದ್ರ ಎಲ್ಲಾರ್ದೂ ತಪ್ಪು."

"ನಾನ್ ಮಾಡ್ತೀನಿ. ಯಾರಾದ್ರೂ ಹೇಳ್ಕೊಡಿ," ಎಂದೆ.

ಮೊಣಕಾಲು ನೋವಿನಾಕೆ ಪರದೆಯ ಆಚೆ ಕುಳಿತೇ ಹೇಳಿಕೊಟ್ಟಳು: "ಬಲಗಡೆಯಿಂದ... ಕಡೀ ನೀರಿಗೆ ಕರ್ಪೂರ ಹಾಕ್ರಿ." ಬಟ್ಟೆಯ ಕೆಳಗೆ ಕೈ ಹಾಕಿ ತೊಳೆದೆ. ಹುಸೇನಬಿಯ ಅಂಗೈ ಫಿನಾಯಿಲಿನಿಂದ ಬಿರುಕು ಬಿಟ್ಟಿತ್ತು. ಎರಡು ವರ್ಷ ಜೊತೆಗೆ ಕೆಲಸ ಮಾಡಿಯೂ ಆ ಕೈಯನ್ನು ನಾನು ಮುಟ್ಟಿರಲಿಲ್ಲ.

ಹೊರಗೆ ಬಂದಾಗ ಯಾರೋ ನನಗೆ ಕುಡಿಯಲು ನೀರು ಕೊಟ್ಟರು, ಪೇಪರ್ ಕಪ್ಪಿನಲ್ಲಿ. ಉಳಿದವರ ಕೈಯಲ್ಲಿ ಸ್ಟೀಲ್ ಲೋಟಗಳಿದ್ದವು.

ಎಲ್ಲರೂ ಒಂದೇ ಎಂಬ ಪಾಠ ನನಗೆ ಚಿಕ್ಕಂದಿನಿಂದ ಬಾಯಿಗೆ ಬರುತ್ತಿತ್ತು. ಅದು ಕೈಗೆ ಬಂದಿರಲಿಲ್ಲ ಎಂಬುದನ್ನು ಈ ಕೆಲಸ ತಿಳಿಸಿತು, ಹುಸೇನಬಿಗೆ ಹೇಳಲಾಗದಷ್ಟು ತಡವಾಗಿ.

ಮರುದಿನ ಬೆಳಿಗ್ಗೆ ಸುಜಾತಾ ಟೀ ತಂದಳು. ಕಿಟಕಿಯಲ್ಲಿ ಬೋರಲಾಗಿದ್ದ ಚುಕ್ಕೆಯ ಲೋಟವನ್ನು ತೊಳೆದು, ನನ್ನ ಟೀ ಹಾಕಲೆಂದು ಅವಳ ಮುಂದೆ ಹಿಡಿದೆ.