ಪ್ರವೀತನ ರಿಕವರಿ

ಮೂವತ್ತೆಂಟು ದಾಟಿದರೂ ಪ್ರವೀತ್ ಬಂದ್ಯೋಡಿನ ಏಳು ಮಂದಿಯ ಸೆವೆನ್ಸ್ ಫುಟ್‌ಬಾಲ್ ತಂಡದ ಡಿಫೆಂಡರ್ ಆಗಿಯೇ ಉಳಿದಿದ್ದ. ತಂಡ ಕಟ್ಟಿದವರಲ್ಲಿ ಅವನೂ ಒಬ್ಬ. ಇನ್ನು ಸಾಕು ಎಂದು ಅವನ ಮುಖಕ್ಕೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಗಲಿಡೀ ಸಹಕಾರಿ ಸಂಘದ ಕುರ್ಚಿಯಲ್ಲಿ ಕೂತು ಸಂಜೆ ಮೈದಾನಕ್ಕಿಳಿದರೆ, ಚೆಂಡಿನ ಬಳಿಗೆ ಅವನಿಗಿಂತ ಮೊದಲು ಅವನ ಹೊಟ್ಟೆ ತಲುಪುತ್ತಿತ್ತು.

ಅಷ್ಟರಲ್ಲಿ ಹರಿನಾರಾಯಣ ಕೋಚ್ ಆಗಿ ಬಂದ. ದುಬಾಯಿಯ ಜಿಮ್ಮೊಂದರ ಕೌಂಟರಿನಲ್ಲಿ ಕೆಲಸ ಮಾಡಿದವನು. ಬಂದವನೇ ಇಂಟರ್‌ವಲ್ ಟ್ರೈನಿಂಗ್ ಶುರುಮಾಡಿದ. ಎದೆ ಒಡೆಯುವಂತೆ ಓಡುವುದು, ಚೂರು ನಡೆಯುವುದು, ಮತ್ತೆ ಓಡುವುದು. ಮರುದಿನ ತೊಡೆ ನೋವಿಗೆ ಪ್ರವೀತ್ ಬಸ್ಸಿನಿಂದ ಹಿಮ್ಮುಖವಾಗಿ ಇಳಿದ.

"ಓಡಿದ್ದು ದೊಡ್ಡದಲ್ಲ. ರಿಕವರಿ ದೊಡ್ಡದು. ಸ್ನಾಯು ಬೆಳೆಯುವುದು ಮಲಗಿದಾಗ" ಎಂದ ಕೋಚ್.

ಇಷ್ಟು ವರ್ಷ ಮನೆಯವರು ಸೋಮಾರಿತನ ಎನ್ನುತ್ತಿದ್ದುದಕ್ಕೆ ಪ್ರವೀತನಿಗೆ ಹೀಗೆ ಒಂದು ಗೌರವದ ಹೆಸರು ಸಿಕ್ಕಿತು. ಬಿಗಿ ಕಾಲುಚೀಲ, ಬೆನ್ನಿನಡಿ ಇಟ್ಟು ಉರುಳಿಸುವ ಸ್ಪಂಜಿನ ಕೊಳವೆ, ಡಬ್ಬಿಯಲ್ಲಿ ಪ್ರೋಟೀನ್ ಪುಡಿ, ಗುಂಯ್‌ಗುಡುತ್ತ ತೊಡೆ ಕುಟ್ಟುವ ಯಂತ್ರ ಒಂದೊಂದಾಗಿ ಮನೆಗೆ ಬಂದವು. ತಂಡ ಮಂಗಳವಾರ ಓಡುತ್ತಿತ್ತು. ಮಿಕ್ಕ ದಿನಗಳೆಲ್ಲ ಚೇತರಿಸಿಕೊಳ್ಳುತ್ತಿತ್ತು.

"ಒಂದು ಕಾಯಿ ಸುಲಿದು ಕೊಡ್ತೀರಾ?" ಹೆಂಡತಿ ರಶ್ಮಿತಾ ಕೇಳಿದಳು.

"ರಿಕವರಿಯಲ್ಲಿದ್ದೇನೆ."

"ಅದು ಎಷ್ಟು ಹೊತ್ತು ಉಂಟು?"

"ಅದನ್ನು ಮೈ ಹೇಳಬೇಕು."

ಒಳಗಿನಿಂದ ಅವನ ತಾಯಿ ಅಕ್ಕು ಕೇಳಿದಳು: "ಇವನಿಗೆ ಎಂತ, ಹೆರಿಗೆ ಆದದ್ದಾ? ನನ್ನ ಬಾಣಂತನಕ್ಕೂ ಯಾರೂ ಇಷ್ಟು ಮಾಡಲಿಲ್ಲ."

ಎಲ್ಲಕ್ಕೂ ಮೇಲಿನದು ಐಸ್ ಸ್ನಾನ. ತೊಟ್ಟಿ ಎಲ್ಲಿಂದ ಬರಬೇಕು? ಮೀನಿನ ಲಾರಿಯವರ ಹಳೆಯ ಪೆಟ್ಟಿಗೆ ತಂದರು, ಐಸೂ ಅಲ್ಲಿಂದಲೇ. ಅದರಲ್ಲಿ ಕೂತೆದ್ದ ಪ್ರವೀತನ ಮೈಯಿಂದ ಎಷ್ಟು ಸೋಪು ಹಚ್ಚಿದರೂ ಬಂಗುಡೆಯ ವಾಸನೆ ಹೋಗಲಿಲ್ಲ. ಸಂಘಕ್ಕೆ ಬಂದವರು ಪಕ್ಕದ ಕೌಂಟರಿನಲ್ಲೇ ಸಾಲು ನಿಂತರು.

ಪೆರ್ಲದಲ್ಲಿ ಪಂದ್ಯ ಬಂತು. ಕಾಲು ಹೊಸದರಂತೆ ಇರಲಿ ಎಂದು ಕೋಚ್ ಆಟಕ್ಕೆ ಸ್ವಲ್ಪ ಮೊದಲು ಎಲ್ಲರನ್ನೂ ಐಸಿನಲ್ಲಿ ಕೂರಿಸಿದ. ಹೊಸತನ ಎಷ್ಟಿತ್ತೆಂದರೆ ಪ್ರವೀತನಿಗೆ ಅದು ತನ್ನದೇ ಕಾಲು ಎಂದು ಗೊತ್ತಾಗಲಿಲ್ಲ. ಚೆಂಡು ಎರಡು ಸಲ ಅವನ ಕಾಲುಗಳ ನಡುವೆ ಹಾದು ಗೋಲಾಯಿತು. ವಿರಾಮದಲ್ಲಿ ತಂಡವಿಡೀ ಗೋಡೆಗೆ ಕಾಲು ಎತ್ತಿ ಮಲಗಿತು. ಸೀಟಿ ಊದಿದರೂ ಮೂವರಿಗೆ ಏಳಲಾಗಲಿಲ್ಲ. ಎದುರಾಳಿಗಳು ಒಟ್ಟು ನಾಲ್ಕು ಗೋಲು ಹೊಡೆದು, ಆಮೇಲೆ ಮರ್ಯಾದೆಗೆ ನಿಲ್ಲಿಸಿದರು.

ಪಂದ್ಯ ಮುಗಿದ ಮೇಲೆ ಪ್ರವೀತ್ ಎದುರು ತಂಡದ ಮಂಜನ ಪಕ್ಕ ಕೂತ. ಅವನಿಗೂ ಹೆಚ್ಚುಕಡಿಮೆ ಇವನದೇ ವಯಸ್ಸು.

"ಆಟ ಆದ ಮೇಲೆ ನೀವು ಎಂತ ಮಾಡುವುದು?"

"ಪುತ್ತೂರಿನ ಬಸ್ಸು ಹಿಡಿಯುವುದು" ಎಂದ ಮಂಜ.

"ಕಾಲು ನೋಯುವುದಿಲ್ವಾ?"

"ನೋಯದೆ ಉಂಟಾ ಮಾರಾಯ? ಎರಡು ದಿನ ನೋಯ್ತದೆ, ಮತ್ತೆ ಹೋಗ್ತದೆ."

"ಅತಿಯಾದ ರಿಕವರಿಯೂ ಒಂದು ಗಾಯವೇ, ಅದಕ್ಕೆ ಬೇರೆ ರಿಕವರಿ ಉಂಟು" ಎಂದು ಕೋಚ್ ಊರಿಗೆ ಮರಳುವ ಜೀಪಿನಲ್ಲಿ ವಿವರಿಸುತ್ತಲೇ ಬಂದ. ಪ್ರವೀತ್ ಕಿಟಕಿಯ ಹೊರಗೆ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ರಶ್ಮಿತಾಳಿಗೆ ಹೇಳಿದ: "ನೋವಿಗೆ ನಾನು ಮಲಗಿದ್ದಲ್ಲ. ಎದ್ದರೆ ಮೊದಲಿನ ಹಾಗೆ ಓಡಲಿಕ್ಕೆ ಆಗ್ಲಿಕ್ಕಿಲ್ಲ ಅಂತ ಹೆದರಿಕೆ ಇತ್ತು."

ಅವಳು ನಗಲಿಲ್ಲ. "ಆಗದಿದ್ದರೆ ಕಡೆಯ ಹತ್ತು ನಿಮಿಷ ಆಡಿ. ಬೇಡ ಅಂದವರು ಯಾರು?"

ಆ ವಾರ ಪ್ರವೀತ್ ತಾನಾಗಿಯೇ ಬದಲಿ ಆಟಗಾರರ ಬೆಂಚಿಗೆ ಹೋದ. ತಂಡದ ಹುಡುಗರು "ಅಯ್ಯೋ, ಬೇಡ" ಎಂದರು, ಎನ್ನುತ್ತಲೇ ಅವನ ಜಾಗಕ್ಕೆ ಬೇರೊಬ್ಬನನ್ನು ನಿಲ್ಲಿಸಿದರು. ಅದು ಅವನಿಗೆ ಚುಚ್ಚಿತು. ಆದರೂ ತರಬೇತಿ ಬಿಡಲಿಲ್ಲ. ಓಡಿ ಮುಗಿದ ಮೇಲೆ ಮೈದಾನಕ್ಕೆ ನಿಧಾನ ಸುತ್ತು ಹಾಕುತ್ತಾನೆ, ಉಪ್ಪು ಹಾಕಿದ ಗಂಜಿ ತಿಳಿ ಕುಡಿಯುತ್ತಾನೆ, ಮೊಟ್ಟೆಯೋ ಮೀನೋ ಸೇರಿಸಿ ಹೊಟ್ಟೆತುಂಬ ಉಣ್ಣುತ್ತಾನೆ, ಬೇಗ ಮಲಗುತ್ತಾನೆ.

ಹರಿನಾರಾಯಣ ಹೆದ್ದಾರಿ ಬದಿಯಲ್ಲಿ ರಿಕವರಿ ಸೆಂಟರ್ ತೆರೆದಿದ್ದಾನೆ. ವ್ಯಾಪಾರ ಚೆನ್ನಾಗಿ ಉಂಟಂತೆ. ಬರುವವರಲ್ಲಿ ಹೆಚ್ಚಿನವರು ಯಾವತ್ತೂ ಓಡಿದವರಲ್ಲ.