ಹನುಮಪ್ಪನ ಗುಡಿಯ ಎರಡು ಚೀಟಿ

ನಮ್ಮೂರು ಕುಕನೂರಿಗೂ ಯಲಬುರ್ಗಾಕ್ಕೂ ನಡುವೆ ಇತ್ತು. ಬಸ್ಸು ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಸಾಲೆ ಏಳನೆಯ ತರಗತಿಗೆ ಮುಗಿದುಹೋಗುತ್ತಿತ್ತು. ಅದರಾಚೆ ಓದುವ ಗಂಡುಹುಡುಗರು ಸೈಕಲ್ ತುಳಿದು ಕುಕನೂರಿನ ಹೈಸ್ಕೂಲಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಎಲ್ಲಿಗೂ ಹೋಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಏಳನೆಯ ತರಗತಿಗೆ ಬರುವ ಹೊತ್ತಿಗೆ ಹುಡುಗಿಯರ ಸಾಲಿನಲ್ಲಿ ಉಳಿದದ್ದು ಇಬ್ಬರೇ, ನಾನು ಮತ್ತು ಎದುರು ಮನೆಯ ನನ್ನ ಗೆಳತಿ.

ಇಬ್ಬರಿಗೂ ಲೆಕ್ಕದ ಹುಚ್ಚು. ಅದಕ್ಕೆ ಕಾರಣ ನಮ್ಮ ಮಾಸ್ತರರು. ಆ ವರ್ಷ ಅವರು ಗಂಗಾವತಿಯಲ್ಲಿ ತರಬೇತಿ ಮುಗಿಸಿ ಬಂದವರೇ ಊರಲ್ಲಿದ್ದದ್ದನ್ನೆಲ್ಲ ಅಳೆಯಲು ಶುರುಮಾಡಿದರು. ಸಾಲೆಯ ಕಟ್ಟಿಗೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿ ಘನಫಲ ಬರೆಸಿದರು. ಆಮೇಲೆ ಅದರೊಳಗೆ ಸೇರಿನಿಂದ ಜೋಳ ತುಂಬಿಸಿ ತಾಳೆ ನೋಡಿಸಿದರು. ಜೋಳ ಯಾವತ್ತೂ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಹಿಡಿಯುತ್ತಿತ್ತು. ಸೇರಿಗಿಂತ ಪೆಟ್ಟಿಗೆಯಲ್ಲಿ ಕಾಳಿನ ನಡುವೆ ಹೆಚ್ಚು ಗಾಳಿ ಕೂತಿರುತ್ತದೆ ಎಂದು ಅವರು ಹೇಳಿದಾಗ ನಾವಿಬ್ಬರೂ ಬಾಯಿ ತೆರೆದು ಕೇಳಿದೆವು. ವಿದ್ಯುತ್ ಮೀಟರ್ ಓದುವ ಪಾಠ ಬಂದಾಗ ಕರೆಂಟಿದ್ದ ಹಿಟ್ಟಿನ ಗಿರಣಿಗೇ ನಮ್ಮನ್ನು ಹೊಡೆದುಕೊಂಡು ಹೋದರು. ಇವತ್ತಿನ ಅಂಕಿಯಿಂದ ನಿನ್ನೆಯ ಅಂಕಿ ಕಳೆಯಬೇಕು, ಅಷ್ಟೇ. ಆದರೆ ನಾವು ಇಪ್ಪತ್ತು ಜನ ಒಟ್ಟಿಗೇ ಮೀಟರಿನ ಮುಂದೆ ಕತ್ತು ಚಾಚಿ ನಿಂತದ್ದು ಕಂಡು ಗಿರಣಿಯವನ ಎದೆ ಝಲ್ ಎಂದಿರಬೇಕು.

"ಮಾಸ್ತರ್ರ, ಹುಡುಗರ ದಿಟ್ಟಿ ತಾಗಿ ಮೀಟರ ಜೋರ ಓಡಾಕ ಹತ್ತಿದ್ರ ಬಿಲ್ಲು ನೀವ ಕಟ್ಟತೀರೇನು?" ಎಂದ.

ಮಳೆಯ ನಕ್ಷೆಯನ್ನೂ ಬರೆಸಿದರು. ಗೋಡೆಗೆ ಅಂಟಿಸಿದ ಚೌಕಳಿ ಹಾಳೆಯ ಮೇಲೆ ಗೆರೆ ಜೂನಿನಲ್ಲಿ ಒಂದಿಷ್ಟು ಎದ್ದು, ಜುಲೈನಲ್ಲಿ ಮತ್ತೆ ನೆಲ ಹಿಡಿಯಿತು. ಕೊನೆಯ ಪಾಠ ಸಂಭವನೀಯತೆ. ನಾವು ಚೌಕಾಬಾರ ಆಡುವ ಹುಣಸೆಬೀಜಗಳನ್ನೇ ತರಿಸಿದರು. ಎರಡು ಹೋಳಾಗಿ ಒಡೆದ ಬೀಜ, ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಂದು. ಎಸೆದರೆ ಬಿಳಿ ಬೀಳಬಹುದು, ಕಂದು ಬೀಳಬಹುದು, ಎರಡಕ್ಕೂ ಅರ್ಧರ್ಧ ಅವಕಾಶ ಎಂದರು.

"ಇಲ್ಲರಿ ಸರ, ಬಿಳೀನ ಜಾಸ್ತಿ ಬೀಳತಾವು," ಎಂದಳು ಗೆಳತಿ. ದಿನಾ ಆಡುವವಳು, ಗೊತ್ತಿಲ್ಲದೆ ಇರುತ್ತದೆಯೇ?

"ಪುಸ್ತಕದಾಗ ಅರ್ಧ ಅಂತೈತಿ. ಸುಮ್ನ ಕೂಡು," ಎಂದರು ಮಾಸ್ತರರು. ಅವರಿಗೂ ಆ ಪಾಠ ಹೊಸದು, ಪಾಪ.

ಬೇಸಿಗೆಯಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಇಬ್ಬರೂ ಚೆನ್ನಾಗಿ ಪಾಸಾಗಿದ್ದೆವು. ಅದರ ಬೆನ್ನಿಗೇ ಮಾಸ್ತರರು ಒಂದು ಸುದ್ದಿ ತಂದರು. ಕೊಪ್ಪಳದಲ್ಲಿ ಹೆಣ್ಣುಮಕ್ಕಳಿಗೆ ಒಂದು ಬೋರ್ಡಿಂಗ್ ಇದೆ, ಊಟ, ವಸತಿ, ಪುಸ್ತಕ ಎಲ್ಲ ಅವರದೇ, ಅಲ್ಲಿದ್ದುಕೊಂಡು ಹತ್ತನೆಯವರೆಗೆ ಓದಬಹುದು, ನಮ್ಮ ಸಾಲೆಯಿಂದ ಒಬ್ಬಳನ್ನು ತೆಗೆದುಕೊಳ್ಳುತ್ತಾರೆ. ಒಬ್ಬಳನ್ನು ಮಾತ್ರ.

ನನಗೆ ಅದು ಬೇಕಿತ್ತು. ಹಸಿದವರಿಗೆ ರೊಟ್ಟಿ ಬೇಕಾಗುವ ಹಾಗೆ ಬೇಕಿತ್ತು. ಅಲ್ಲಿ ಎಂಟನೆಯದರಲ್ಲಿ ಬೀಜಗಣಿತ ಎಂಬುದೊಂದು ಇರುತ್ತದಂತೆ, ಅಂಕಿಯ ಬದಲು ಅಕ್ಷರ ಬರೆದು ಲೆಕ್ಕ ಮಾಡುತ್ತಾರಂತೆ. ಅದನ್ನು ಕೇಳಿದ ದಿನದಿಂದ ನನಗೆ ಬೇರೇನೂ ಹೊಳೆಯುತ್ತಿರಲಿಲ್ಲ. ಗೆಳತಿಗೂ ಬೇಕಿತ್ತು. ನಾವಿಬ್ಬರೂ ಅದರ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ.

ಆರಿಸುವುದು ಮಾಸ್ತರರ ಕೆಲಸ, ಅವರಿಂದ ಆಗಲಿಲ್ಲ. ಗಣಿತದಲ್ಲಿ ನಾನು ಮುಂದು, ಕನ್ನಡದಲ್ಲಿ ಅವಳು ಮುಂದು. ಒಂದೇ ಓಣಿಯ ಎದುರುಬದುರು ಮನೆಗಳು. ಯಾರ ಹೆಸರು ಬರೆದರೂ ಇನ್ನೊಂದು ಮನೆಯವರು ಮೋರೆ ತಿರುಗಿಸುತ್ತಾರೆ. ಕೊನೆಗೆ ಅವರು ಚೀಟಿ ಎತ್ತಿಸಿಬಿಡುವುದು ಎಂದು ತೀರ್ಮಾನಿಸಿದರು, ಸಾಲೆಯ ಕೋಣೆಯಲ್ಲಿ, ಇಬ್ಬರ ಅಪ್ಪಂದಿರ ಎದುರಿಗೆ.

ಗೆಳತಿಯ ಅಪ್ಪ ತಲೆ ಅಲ್ಲಾಡಿಸಿದ. "ಸಾಲ್ಯಾಗ ಎತ್ತಿದ್ರ ಅದು ಬರೇ ಚೀಟಿ ಆಕ್ಕೈತ್ರಿ. ಗುಡ್ಯಾಗ ಎತ್ತಿದ್ರ ಮಾತು ಆಕ್ಕೈತಿ. ನಾಳಿ ಯಾರೂ ಸೊಲ್ಲ ಎತ್ತಬಾರದು ನೋಡ್ರಿ."

ನಮ್ಮ ಅಪ್ಪನಿಗೂ ಅದೇ ಸರಿ ಕಂಡಿತು. ಜಗಳವಿಲ್ಲದೆ ಮುಗಿದರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದ ಮಾಸ್ತರರು ಹೂಂ ಎಂದರು.

ಶನಿವಾರ ಬೆಳಿಗ್ಗೆ ಹನುಮಪ್ಪನ ಗುಡಿಯಲ್ಲಿ ಓಣಿಗೆ ಓಣಿಯೇ ಸೇರಿತ್ತು. ಮಾಸ್ತರರು ಒಂದೇ ಅಳತೆಯ ಎರಡು ಚೀಟಿ ಹರಿದು, ಹೆಸರು ಬರೆದು, ಎಲ್ಲರಿಗೂ ತೋರಿಸಿ ಸುರುಳಿ ಸುತ್ತಿದರು. ಪೂಜಾರಿ ಅವನ್ನು ತಂಬಿಗೆಯಲ್ಲಿ ಹಾಕಿ ಅಲುಗಾಡಿಸಿ ದೇವರ ಮುಂದಿಟ್ಟ. ಇನ್ನೂ ಸಾಲೆಗೆ ಹೋಗದ ಕೂಸಿನ ಕೈಯಲ್ಲಿ ಎತ್ತಿಸುವುದು ನಮ್ಮ ಕಡೆ ಪದ್ಧತಿ. ಯಾರದೋ ಮನೆಯ ಪುಟ್ಟಿಯನ್ನು ಎತ್ತಿಕೊಂಡು ಬಂದರು. ನಾನು ಕಣ್ಣು ಮುಚ್ಚಿ ಅರ್ಧ, ಅರ್ಧ ಎಂದು ಹೇಳಿಕೊಳ್ಳುತ್ತಿದ್ದೆ. ಪಾಠ ಕಲಿತದ್ದಕ್ಕೆ ಅಷ್ಟೇ ಉಪಯೋಗ. ಅರ್ಧ ಎಂದು ಗೊತ್ತಿರುವವಳಿಗೂ ಗೊತ್ತಿಲ್ಲದವಳಿಗೂ ಎದೆ ಹೊಡೆದುಕೊಳ್ಳುವುದು ಒಂದೇ ರೀತಿ.

ಗೆಳತಿಯ ಹೆಸರು ಬಂತು.

ಅವಳ ಅಪ್ಪ ಕಾಯಿ ಒಡೆಸಿದ. ಅವಳು ನನ್ನ ಕಡೆ ನೋಡಿದಳು, ನಗಲಿಲ್ಲ. ನಕ್ಕಿದ್ದರೆ ನನಗೆ ಸಿಟ್ಟಾಗಲು ಒಂದು ಕಾರಣವಾದರೂ ಸಿಗುತ್ತಿತ್ತು. ಕಾರಣವಿಲ್ಲದೆಯೇ ಸಿಟ್ಟಾದೆ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. "ಹಣೇಬಾರ ಇದ್ದಂಗ ಆಕ್ಕೈತವಾ, ಏಳು, ರೊಟ್ಟಿ ತಿನ್ನು," ಎಂದು ಅವ್ವ ಬೆನ್ನು ಸವರಿದಳು. ಆ ಬೇಸಿಗೆಯೆಲ್ಲ ನಾನು ಗೆಳತಿಯ ಜೊತೆ ಮಾತು ಬಿಟ್ಟೆ. ಅವಳು ಬಾವಿಗೆ ಬಂದರೆ ನಾನು ಕೊಡ ತುಂಬಿದ್ದರೂ ತುಂಬದಿದ್ದರೂ ಎತ್ತಿಕೊಂಡು ಹೊರಡುತ್ತಿದ್ದೆ.

ಸಾಲೆ ಶುರುವಾಗಲು ಇನ್ನೇನು ಕೆಲವೇ ದಿನ ಇರುವಾಗ ಗೆಳತಿಯ ಅಜ್ಜಿ ಹಿತ್ತಲಲ್ಲಿ ಕಾಲು ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಎಲುಬು ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದು, ಅಲುಗಾಡಿಸಬೇಡಿ ಎಂದು ಹೇಳಿ ಹೋದ. ಗೆಳತಿಯ ಅವ್ವ ಹೊಲಕ್ಕೆ ಹೋಗಲೇಬೇಕು, ಬಿತ್ತುವ ಕಾಲ. ಮನೆಯಲ್ಲಿ ಇಬ್ಬರು ಸಣ್ಣ ತಮ್ಮಂದಿರು. ಅಜ್ಜಿಯನ್ನು ಎತ್ತಿ ಕೂರಿಸುವವರು, ಉಣಿಸುವವರು, ಬಟ್ಟೆ ಬದಲಿಸುವವರು ಯಾರು? ಅವಳ ಅಪ್ಪ ಮಾಸ್ತರರ ಬಳಿ ಹೋಗಿ, "ಒಂದ ವರ್ಷ ತಡ್ಯಾಕ ಹೇಳ್ರಿ. ಮುಂದಿನ ವರ್ಷ ಖಂಡಿತ ಕಳಸತೀನಿ," ಎಂದು ಕೈ ಮುಗಿದ. ಬೋರ್ಡಿಂಗ್ ಯಾಕೆ ತಡೆಯುತ್ತದೆ? ಎರಡನೆಯ ಹುಡುಗಿಯನ್ನಾದರೂ ಬೇಗ ಕಳಿಸಿ, ಇಲ್ಲದಿದ್ದರೆ ಆ ಜಾಗ ಬೇರೆ ಊರಿಗೆ ಹೋಗುತ್ತದೆ ಎಂದು ಅಲ್ಲಿಯವರು ಹೇಳಿದರಂತೆ.

ಎರಡನೆಯ ಹುಡುಗಿ ಅಂದರೆ ನಾನು.

ಮಾಸ್ತರರು ನಮ್ಮ ಮನೆಗೆ ಬಂದದ್ದು ಸಂಜೆ. ಅವ್ವ ಚಹಾ ಇಟ್ಟಳು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ಅಜ್ಜಿ ಬಿದ್ದದ್ದಕ್ಕೆ ದುಃಖಪಡಬೇಕು ಎಂದು ತಲೆಗೆ ಗೊತ್ತಿತ್ತು. ಆದರೆ ಮನಸ್ಸು ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿತ್ತು.

"ನಿಮ್ಮ ಮಗಳನ್ನ ತಯಾರ ಮಾಡ್ರಿ," ಎಂದರು ಮಾಸ್ತರರು. "ನಾನ ಕರಕೊಂಡ ಹೋಗಿ ಬಿಟ್ಟ ಬರತೀನಿ."

ಅಪ್ಪ ಚಹಾ ಕೆಳಗಿಟ್ಟ. "ಆಗಂಗಿಲ್ಲರಿ ಮಾಸ್ತರ್ರ. ನಿನ್ನಿ ಆ ಹುಡುಗಿ ಅಪ್ಪ ಬಂದಿದ್ದ. ದೇವರು ನನ್ನ ಮಗಳಿಗೆ ಕೊಟ್ಟಾನ, ನಿಮ್ಮಾಕಿ ಹೋದ್ರ ನನ್ನ ಮಗಳ ದೈವಾನ ಕಸಗೊಂಡಂಗ ಆಕ್ಕೈತಿ ಅಣ್ಣಾ ಅಂದ. ಕಳಸಂಗಿಲ್ಲ ಅಂತ ಮಾತ ಕೊಟ್ಟೀನಿ."

"ದೈವದ ಪ್ರಶ್ನಿ ಎಲ್ಲಿ ಬಂತ್ರಿ ಇದರಾಗ? ಅದು ಬರೇ ಲೆಕ್ಕ. ಎರಡು ಚೀಟಿ, ಒಂದು ಬರತೈತಿ. ಕೂಸು ಇನ್ನೊಂದ ಎತ್ತಿದ್ರ ನಿಮ್ಮಾಕಿ ಹೆಸರ ಇರತಿತ್ತು."

"ಬರೇ ಲೆಕ್ಕ ಆಗಿದ್ರ," ಅಪ್ಪ ದನಿ ಏರಿಸದೆ ಕೇಳಿದ, "ಗುಡ್ಯಾಗ ಯಾಕ ಎತ್ತಿಸಿದ್ರಿ?"

ಮಾಸ್ತರರು ಏನಾದರೂ ಹೇಳಲಿ, ಬೋರ್ಡಿನ ಮೇಲೆ ಬರೆದು ತೋರಿಸುವ ಹಾಗೆ ಬಿಡಿಸಿ ಹೇಳಲಿ ಎಂದು ನಾನು ಬಾಗಿಲನ್ನು ಹಿಡಿದುಕೊಂಡು ಕಾದೆ. ಅವರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. "ಹೌದ್ರಿ, ಅಲ್ಲೇ ತಪ್ಪಾತು," ಎಂದು ಎದ್ದರು.

ನಾನು ಹಿತ್ತಲಿನಿಂದ ಓಡಿ ಬಳಸಿ ಬಂದು ಅವರನ್ನು ಓಣಿಯ ತಿರುವಿನಲ್ಲಿ ಹಿಡಿದೆ. "ಸರ, ಇನ್ನೊಮ್ಮೆ ಹೇಳ್ರಿ ಅಪ್ಪಗ," ಎಂದೆ. ಅವರು ನನ್ನ ಮುಖ ನೋಡಲಾರದೆ ಹಿಟ್ಟಿನ ಗಿರಣಿಯ ಕಡೆ ನೋಡಿದರು.

"ನಾ ಏನ ಮಾಡ್ಲಿ, ನೀನ ಹೇಳವಾ," ಎಂದರು.

ಅಷ್ಟು ದಿನ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳುತ್ತಿದ್ದ ಮನುಷ್ಯ. ನನ್ನನ್ನು ಕೇಳಿದರೆ ನಾನೇನು ಹೇಳಲಿ? ಅವರು ಹೋದರು.

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಉಪವಾಸ ಕೂತೆ. ಮೊದಲ ಹೊತ್ತು ಬಿತ್ತನೆಯ ಗಡಿಬಿಡಿಯಲ್ಲಿ ಯಾರೂ ಗಮನಿಸಲೇ ಇಲ್ಲ, ಎರಡನೆಯ ಹೊತ್ತಿಗೆ ನಾನೇ ಹೋಗಿ ಉಂಡೆ. ಅಪ್ಪನ ಬೆನ್ನು ಹತ್ತಿ ಹೊಲದವರೆಗೂ ಹೋದೆ. "ಅಪ್ಪಾ, ಹನುಮಪ್ಪಗ ಇನ್ನೊಮ್ಮೆ ಕೇಳೂಣ. ಈಗ ಅಜ್ಜಿ ಬಿದ್ದಾಳ, ಆವಾಗ ಬಿದ್ದಿದ್ದಿಲ್ಲ," ಎಂದೆ. ನನಗೆ ಅದು ಬಹಳ ಗಟ್ಟಿ ವಾದ ಎನಿಸಿತ್ತು.

"ದೇವರನ್ನ ಎರಡು ಸಲ ಕೇಳಬಾರದು," ಎಂದ ಅಪ್ಪ. ಬೈಯಲಿಲ್ಲ. ಬೈದಿದ್ದರೆ ಅತ್ತು ಕರೆದು ರಂಪ ಮಾಡಬಹುದಿತ್ತು. ಅವನು ನನ್ನ ತಲೆಯ ಮೇಲೆ ತನ್ನ ಟವೆಲ್ ಹಾಕಿ, ಬಿಸಿಲು ಭಾಳ ಐತಿ, ಮನಿಗೆ ಹೋಗು ಎಂದ. ಹುಣಸೆಬೀಜವನ್ನು ಎಷ್ಟು ಸಲ ಬೇಕಾದರೂ ಎಸೆಯಬಹುದು, ದೇವರನ್ನು ಮಾತ್ರ ಒಮ್ಮೆ ಕೇಳಬೇಕು. ಇದು ಯಾವ ಪುಸ್ತಕದ ನಿಯಮ ಎಂದು ಹಾದಿಯುದ್ದಕ್ಕೂ ಬೈದುಕೊಂಡು ಬಂದೆ. ಯಾರನ್ನು ಬೈಯುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ಅಪ್ಪ ಮಾತು ಉಳಿಸಿಕೊಂಡಿದ್ದ, ಎದುರು ಮನೆಯವನು ಮಗಳ ಪಾಲನ್ನು ಕಾಯ್ದಿದ್ದ, ಅಜ್ಜಿ ಬೇಕೆಂದು ಬಿದ್ದಿರಲಿಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಆ ಜಾಗ ಕುಷ್ಟಗಿ ಕಡೆಯ ಯಾವುದೋ ಊರಿನ ಹುಡುಗಿಗೆ ಹೋಯಿತು ಎಂದು ಆಮೇಲೆ ತಿಳಿಯಿತು. ನಮ್ಮ ಊರಿನಿಂದ ಯಾರೂ ಹೋಗಲಿಲ್ಲ. ಮುಂದಿನ ವರ್ಷ ಎನ್ನುವುದೂ ಬರಲಿಲ್ಲ, ಅಜ್ಜಿ ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಸಾಲೆಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ ಗೆಳತಿ ಹಾಲಿಗೆ ಹೆಪ್ಪು ಕೇಳಿಕೊಂಡು ನಮ್ಮ ಮನೆಗೆ ಬಂದಳು. ಅವ್ವ ಇರಲಿಲ್ಲ. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮಾತಾಡದೆ ಒಳಗೆ ಹೋಗಿ ಮಜ್ಜಿಗೆ ತಂದು ಅವಳ ಬಟ್ಟಲಿಗೆ ಹಾಕಿದೆ. ಅವಳು ಹೋಗಲಿಲ್ಲ. ಅವಳ ಕೈಯಿಂದ ಅಜ್ಜಿಗೆ ತಿಕ್ಕುವ ಎಣ್ಣೆಯ ವಾಸನೆ ಬರುತ್ತಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನನ್ನ ಹೆಸರು ಬರಬಾರದಾಗಿತ್ತು," ಎಂದಳು. "ನಿಂದು ಬಂದಿದ್ರ ನೀನರ ಹೋಗತಿದ್ದಿ."

ಬಟ್ಟಲು ಹಿಡಿದುಕೊಂಡೇ ಅಳತೊಡಗಿದಳು. ಸದ್ದಿಲ್ಲದ ಅಳು. ನನ್ನ ಬೇಸಿಗೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳನ್ನು ಹಾಗೆ ನೋಡುವುದು ನನ್ನಿಂದ ಆಗಲಿಲ್ಲ. ಅವಳಿಗೆ ಸಮಾಧಾನವಾಗುವಂಥದ್ದು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದ ಸುಳ್ಳನ್ನು ಹೇಳಿದೆ.

"ಹುಚ್ಚಿ, ನನ್ನನ್ನ ಎಲ್ಲಿ ಕಳಸತಿದ್ರು ಬಿಡು. ನನ್ನ ಹೆಸರ ಬಂದಿದ್ರೂ ನಮ್ಮ ಮನ್ಯಾಗೂ ಏನರ ಒಂದ ನೆವ ಹುಟ್ಟತಿತ್ತು."

ಹೇಳಿದ ಮೇಲೆಯೇ ಅಪ್ಪ ಅಲ್ಲೇ ಕೂತಿದ್ದಾನೆ ಎಂದು ನೆನಪಾಯಿತು. ಇನ್ನು ಗದರುತ್ತಾನೆ, ಏನಂದಿ, ನಾ ಕಳಸತಿದ್ದಿಲ್ಲೇನು ಎಂದು ಎದ್ದು ಬರುತ್ತಾನೆ ಎಂದುಕೊಂಡು ಅವನ ಕಡೆ ತಿರುಗಿದೆ. ಬರಲಿ, ಗದರಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಹಗ್ಗ ಹೊಸೆಯುತ್ತಿದ್ದ ಅವನ ಕೈ ನಿಂತಿತ್ತು. ನನ್ನನ್ನು ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಮತ್ತೆ ಹೊಸೆಯತೊಡಗಿದ.

ನಾನು ಹೇಳಿದ್ದು ಸುಳ್ಳು ಅನ್ನಲಿಲ್ಲ.